ಹತ್ತೊಂಬತ್ತನೆಯವನು

ಡಾಲ್ಟನ್‌ಗೆ ಪ್ರತಿಭೆ ಇರಲಿಲ್ಲ. ಎಡಗಾಲಲ್ಲಿ ಒದ್ದ ಚೆಂಡು ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಬಲಗಾಲು ತುಸು ವಾಸಿ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯದ ಫುಟ್‌ಬಾಲನ್ನು ವೆರಿಬಿಲ್ ಊರಿನ ಎರಡನೇ ತಂಡದಲ್ಲಿ ವರ್ಷಗಟ್ಟಲೆ ಆಡಿ, ಮೊದಲ ತಂಡದ ಆಟ ಶುರುವಾಗುವ ಹೊತ್ತಿಗೆ ಸ್ನಾನ ಮುಗಿಸಿ, ಕೈಯಲ್ಲಿ ಮಾಂಸದ ಪೈ ಹಿಡಿದು ಬೇಲಿಯ ಆಚೆ ನಿಲ್ಲುತ್ತಿದ್ದ.

ಈ ವರ್ಷ ಹ್ಯಾಡೊ ಕೋಚ್ ಆಗಿ ಬಂದ. ಅವನಿಗೆ ಆಡುವವನಿಗಿಂತ ಆಡಲು ಬಿಡದವನು ಬೇಕಿತ್ತು. ಎದುರು ತಂಡದ ಅತ್ಯುತ್ತಮ ಆಟಗಾರನಿಗೆ ಡಾಲ್ಟನ್ ಅಂಟಿಕೊಳ್ಳಬೇಕು. ಅವನು ಓಡಿದರೆ ಓಡಬೇಕು, ನಿಂತರೆ ನಿಲ್ಲಬೇಕು, ಬೈದರೆ ಕೇಳಿಸಿಕೊಳ್ಳಬೇಕು. ಡಾಲ್ಟನ್ ಈ ಕೆಲಸ ಚೆನ್ನಾಗಿ ಮಾಡಿದ. ಗುರುವಾರ ಸಂಜೆ ಕ್ಲಬ್ಬಿನಲ್ಲಿ ಮೊದಲ ತಂಡದ ಹೆಸರು ಓದುವಾಗ ಅವನ ಹೆಸರೂ ಬರತೊಡಗಿತು.

ಪ್ರತಿಭೆ ಇದ್ದವನು ಜಾರಡ್. ಅಭ್ಯಾಸಕ್ಕೆ ಬಂದರೆ ಬಂದ, ಇಲ್ಲವಾದರೆ ಇಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಬೀಳುವ ಮೊದಲೇ ಅವನಿಗೆ ತಿಳಿಯುತ್ತಿತ್ತು.

ಸೆಮಿಫೈನಲ್‌ನ ದಿನ ಹ್ಯಾಡೊ ಬೋರ್ಡಿನ ಮೇಲೆ ಬಣ್ಣದ ಗುಂಡಿಗಳನ್ನು ಸರಿಸುತ್ತಿದ್ದಾಗ ಜಾರಡ್ ಕೇಳಿದ, "ಇದ್ರಲ್ಲಿ ನಾನ್ಯಾರು?"

"ಕೆಂಪು."

"ಕೆಂಪು ಏನ್ಮಾಡುತ್ತೆ?"

"ಕರೆದಾಗ ಬಂದು ಬೆಂಚಲ್ಲಿ ಕೂತ್ಕೊಳುತ್ತೆ."

ಎಲ್ಲರೂ ನಕ್ಕರು. ಜಾರಡ್ ಕೂಡ ನಕ್ಕ. "ಚೆಂಡು ನನ್ ಕೈಗೆ ಹಾಕ್ರಪ್ಪ. ಪ್ಲಾನು ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಕ್ಲಬ್ಬಿನ ಅಧ್ಯಕ್ಷ ಮರ್ವ್ ತಲೆಯಾಡಿಸಿದ. "ಇವತ್ತು ಸೋತ್ರೆ ಹ್ಯಾಡೊ, ಆ ಬೋರ್ಡನ್ನ ನನ್ ಕುರಿ ದೊಡ್ಡಿಗೆ ಬಾಗಿಲು ಮಾಡ್ತೀನಿ. ಮುಂದಿನ ವರ್ಷಕ್ಕೆ ಜಾರಡೇ ಕೋಚು."

ಡಾಲ್ಟನ್ ಬೂಟಿನ ದಾರ ಕಟ್ಟುತ್ತಿದ್ದವನು ಬಿಚ್ಚಿ ಮತ್ತೆ ಕಟ್ಟಿದ. ಜಾರಡ್ ಕೋಚ್ ಆದರೆ ತನಗೆ ಮತ್ತೆ ಬೇಲಿಯೇ ಗತಿ ಎಂದು ಅವನಿಗೆ ಗೊತ್ತಿತ್ತು.

ಎದುರು ತಂಡದ ನಾಯಕ ಫಿನ್ಲೇ. ಮೂರು ಕ್ವಾರ್ಟರ್ ಡಾಲ್ಟನ್ ಅವನನ್ನು ಉಸಿರಾಡಲು ಬಿಡಲಿಲ್ಲ. ಕೊನೆಯ ಕ್ವಾರ್ಟರಿನಲ್ಲಿ ಫಿನ್ಲೇಯ ಮೊಣಕೈ ಡಾಲ್ಟನ್‌ನ ಮೂಗಿಗೆ ಬಡಿಯಿತು. ರಕ್ತ ಬಂದವನು ಹೊರಗೆ ಹೋಗಲೇಬೇಕು; ಅವನ ಜಾಗಕ್ಕೆ ಬೆಂಚಿನಿಂದ ಇನ್ನೊಬ್ಬ ಹೋದ. ಮೂಗಿಗೆ ಹತ್ತಿ ತುರುಕಿಸಿಕೊಳ್ಳುವಷ್ಟರಲ್ಲಿ ಫಿನ್ಲೇ ಎರಡು ಗೋಲು ಹೊಡೆದ. ವೆರಿಬಿಲ್ ಇನ್ನೂ ಮುಂದಿತ್ತು, ಆದರೆ ಹೆಚ್ಚೇನಲ್ಲ.

ಹ್ಯಾಡೊ ತನ್ನ ಮಾತನ್ನು ಮೈದಾನದೊಳಕ್ಕೆ ಒಯ್ಯುವ ಡೆನೀಸ್‌ಗೆ ಹೇಳಿದ, "ಜಾರಡ್‌ಗೆ ಉಸಿರಿಲ್ಲ. ಅವನನ್ನ ಕರಿ, ಡಾಲ್ಟನ್ ಹೋಗ್ಲಿ."

ಡೆನೀಸ್ ಓಡಿಹೋಗಿ ಹೇಳಿದಳು. ಜಾರಡ್ ಕೈಯೆತ್ತಿ ಬೆಂಚಿನ ಕಡೆಗೆ ಓಡಿಬರತೊಡಗಿದ. ಅವನು ಗೆರೆಯ ಹತ್ತಿರ ಬಂದದ್ದನ್ನು ನೋಡಿ ಹ್ಯಾಡೊ ಡಾಲ್ಟನ್‌ನ ಬೆನ್ನಿಗೆ ತಟ್ಟಿದ. ಡಾಲ್ಟನ್ ಒಳಗೆ ಓಡಿದ. ಅದೇ ಹೊತ್ತಿಗೆ ಯಾರೋ ಒದ್ದ ಚೆಂಡು ಜಾರಡ್‌ನ ತಲೆಯ ಮೇಲೆ ಹಾದುಹೋಯಿತು. ಜಾರಡ್ ತಿರುಗಿದ, ಒಬ್ಬನ ಭುಜದ ಮೇಲೆ ಮಂಡಿಯೂರಿ ಹಾರಿ ಹಿಡಿದ, ಓರೆ ಕೋನದಿಂದ ಒದ್ದ. ಗೋಲು. ಮೈದಾನದ ಸುತ್ತ ನಿಲ್ಲಿಸಿದ್ದ ಕಾರುಗಳೆಲ್ಲ ಹಾರ್ನ್ ಹೊಡೆದವು.

ಡಾಲ್ಟನ್ ಅಷ್ಟರಲ್ಲಿ ಫಿನ್ಲೇಯ ಪಕ್ಕದಲ್ಲಿದ್ದ.

"ಬಂದ್ಯಾ ಮಾರಾಯ? ಬೆನ್ನು ತಣ್ಣಗಾಗಿತ್ತು" ಎಂದ ಫಿನ್ಲೇ.

ಡಾಲ್ಟನ್ ಗೆರೆಯ ಕಡೆ ತಿರುಗಿದ. ಜಾರಡ್ ಹೊರಗೆ ಹೋಗಿರಲಿಲ್ಲ. ಮೈದಾನದಲ್ಲಿ ಒಂದು ತಂಡದ ಹದಿನೆಂಟೇ ಜನರಿರಬೇಕು. ಒಬ್ಬ ಹೆಚ್ಚಾಗಿರುವಾಗ ಎದುರು ನಾಯಕ ಎಣಿಸಿ ಎಂದರೆ ಆ ತಂಡದ ಅಲ್ಲಿಯವರೆಗಿನ ಸ್ಕೋರೆಲ್ಲ ಅಳಿಸಿಹೋಗುತ್ತದೆ. ಬೆಂಚಿನ ಕಡೆ ನೋಡಿದ. ಹ್ಯಾಡೊ ಮರ್ವ್‌ನನ್ನು ತಬ್ಬಿಕೊಂಡಿದ್ದ. ಕೂಗಿದರೆ ಫಿನ್ಲೇಗೂ ಕೇಳಿಸುತ್ತದೆ.

ಅಂಪೈರ್ ಚೆಂಡನ್ನು ನಡುವಿಗೆ ತರುತ್ತಿದ್ದ. ಡಾಲ್ಟನ್ ಜಾರಡ್‌ನ ಹತ್ತಿರ ಹೋಗಿ ಪಿಸುಗುಟ್ಟಿದ, "ಹೊರಗೆ ಹೋಗು. ಒಬ್ಬ ಜಾಸ್ತಿ ಇದೀವಿ."

"ಗೋಲ್ ಹೊಡೆದೋನು ಹೋಗ್ತಾನೇನೋ? ನೀನ್ ಹೋಗು. ನಿನ್ನ ನೋಡಕ್ಕೆ ಯಾರು ಬಂದಿದಾರೆ?"

ತಾನು ಹೋದರೆ ಫಿನ್ಲೇಯನ್ನು ಹಿಡಿಯುವವರಿಲ್ಲ. ಇದ್ದರೆ ಎಲ್ಲವೂ ಹೋಗಬಹುದು. ಡಾಲ್ಟನ್ ತಲೆ ತಗ್ಗಿಸಿ ಗೆರೆಯ ಕಡೆಗೆ ಹೊರಟ. ಓಡಲಿಲ್ಲ. ಓಡಿದರೆ ಕಣ್ಣಿಗೆ ಬೀಳುತ್ತೇನೆ ಅನ್ನಿಸಿತು.

ಫಿನ್ಲೇ ನೋಡುತ್ತಿದ್ದ. ಇಡೀ ಮಧ್ಯಾಹ್ನ ತನ್ನನ್ನು ಬಿಡದವನು ಈಗ ತಾನಾಗಿ ಬಿಟ್ಟು ಹೋಗುತ್ತಿದ್ದ. ನಾಲ್ಕು ಹೆಜ್ಜೆ ಹಾಕಿ ಡಾಲ್ಟನ್‌ನ ಜರ್ಸಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದ.

"ಎಲ್ಲಿಗೆ?"

"ಬಿಡು."

"ಮಧ್ಯಾಹ್ನದಿಂದ ನಾನೂ ಅದನ್ನೇ ಹೇಳ್ತಿದ್ನಲ್ಲ" ಎಂದು ಫಿನ್ಲೇ ಇನ್ನೊಂದು ಕೈಯೆತ್ತಿದ. "ಅಂಪೈರ್, ಇವರನ್ನ ಎಣಿಸಿ."

ಅಂಪೈರ್ ಸೀಟಿ ಊದಿದ. ಇನ್ನು ಯಾರೂ ಹೊರಗೆ ಹೋಗುವಂತಿರಲಿಲ್ಲ. ಫಿನ್ಲೇ ಜರ್ಸಿ ಬಿಟ್ಟ, ಆದರೆ ಪಕ್ಕದಿಂದ ಕದಲಲಿಲ್ಲ. ವೆರಿಬಿಲ್‌ನವರು ಮೈದಾನದ ನಡುವೆ ಸಾಲಾಗಿ ನಿಂತರು. ಹಾರ್ನುಗಳು ನಿಂತವು. ಸಾಲಿನ ನಡುವೆ ಜಾರಡ್ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದ. ತುದಿಯಲ್ಲಿ ಡಾಲ್ಟನ್. ಅಂಪೈರ್ ಒಬ್ಬೊಬ್ಬರ ಭುಜ ಮುಟ್ಟುತ್ತ ಬಂದ, ಡಾಲ್ಟನ್‌ನ ಭುಜ ಮುಟ್ಟಿ ನಿಂತ, ಮತ್ತೆ ಆ ತುದಿಗೆ ಹೋಗಿ ಮೊದಲಿಂದ ಎಣಿಸಿದ.

ಸ್ಕೋರ್ ಹಲಗೆಯ ಹುಡುಗಿಯರು ವೆರಿಬಿಲ್‌ನ ತಗಡಿನ ಅಂಕಿಗಳನ್ನು ಒಂದೊಂದಾಗಿ ಕೊಕ್ಕೆಯಿಂದ ತೆಗೆದರು. ಉಳಿದ ಹೊತ್ತಿನಲ್ಲಿ ಜಾರಡ್ ಮತ್ತೆ ಎರಡು ಗೋಲು ಹೊಡೆದ. ಸಾಕಾಗಲಿಲ್ಲ. ಆಟ ಮುಗಿದ ಮೇಲೆ ಮರ್ವ್ ಕೋಣೆಗೆ ಬಂದು ಜಾರಡ್‌ನ ಕೈಕುಲುಕಿದ, ಹ್ಯಾಡೊನ ಕಡೆ ನೋಡಲಿಲ್ಲ.

ಹೋದದ್ದು ಆರಾರು ಅಂಕದ ಹನ್ನೊಂದು ಗೋಲು, ಒಂಬತ್ತು ಬಿಡಿ ಪಾಯಿಂಟು, ಒಟ್ಟು ಎಪ್ಪತ್ತೈದು, ಒಬ್ಬ ಕೋಚ್, ಮೊದಲ ತಂಡದಲ್ಲಿ ಒಂದು ಜಾಗ.