ಕಂಬಳಿ ಗಲ್ಲಿಯ ಕಾಯಂ ವಿಳಾಸ

ಎಡವಟ್ಟು ಮಾಡಿದ್ದು ತಾನೇ ಎಂದು ಒಪ್ಪಿಕೊಳ್ಳಲು ಸುಂದರಬಾಯಿಗೆ ಮೂರು ದಿನ ಬೇಕಾಯಿತು. ಮೊದಲೆರಡು ದಿನ ಅವಳು ಸರ್ಕಾರವನ್ನು ಬಾಯಿತುಂಬ ಬೈದಳು.

ಬೀದರ ಶಹರದ ಕಂಬಳಿ ಗಲ್ಲಿಗೆ ಮನೆಮನೆಗೂ ನೀರಿನ ನಳ ಬರುವುದಿತ್ತು. ಅದಕ್ಕೆಂದು ಬೇಸಿಗೆಯಲ್ಲಿ ಪಟ್ಟಿ ಮಾಡುವವರು ಬಂದು ಎಲ್ಲರ ಕಾಯಂ ವಿಳಾಸ ಕೇಳಿದ್ದರು. ಗಲ್ಲಿಯ ಹಿರಿತಲೆ ಎಂದು ಮೊದಲು ಕೇಳಿದ್ದು ಇವಳನ್ನೇ. ಸೆರಗು ಸರಿಮಾಡಿಕೊಂಡು, "ನಮ್ದು ಖಟಕ ಚಿಂಚೋಳಿರಿ, ಭಾಲ್ಕಿ ತಾಲೂಕ" ಎಂದಳು ಗತ್ತಿನಿಂದ. ಅಷ್ಟಕ್ಕೇ ಸುಮ್ಮನಿದ್ದರೆ ಅದು ಒಂದೇ ಮನೆಯ ಪಾಡಾಗುತ್ತಿತ್ತು. ಸುಮ್ಮನಿರುವ ಹೆಂಗಸೇ ಅವಳು? ಪಟ್ಟಿಯವರಿಗಿಂತ ಮುಂದೆ ಓಡಿ, "ಸರ್ಕಾರದ ಮುಂದ ಸುಳ್ಳ ಹೇಳಬ್ಯಾಡ್ರಿ, ಹಿರ್ಯಾರ ಊರೇ ಬರಸ್ರಿ" ಎಂದು ಬಾಗಿಲು ಬಾಗಿಲಿಗೂ ಸಾರಿ ಬಂದಳು. ಒಬ್ಬರು ಬಗದಲ್ ಎಂದರು, ಇನ್ನೊಬ್ಬರು ಔರಾದ ಕಡೆಯ ಹಳ್ಳಿ ಎಂದರು. ಇದೇ ಗಲ್ಲಿಯಲ್ಲಿ ಹುಟ್ಟಿ, ಇಲ್ಲೇ ಮಕ್ಕಳನ್ನು ಹೆತ್ತವರು ಕೂಡ ವರ್ಷಕ್ಕೊಮ್ಮೆ ನೋಡುವ ಊರಿನ ಹೆಸರು ಬರೆಸಿದರು.

ಈಗ ಪಟ್ಟಿ ಬಂದಿತ್ತು. ಇಪ್ಪತ್ತೆರಡು ಮನೆಗಳ ಗಲ್ಲಿಯಲ್ಲಿ ಕಾಯಂ ಮನೆ ಒಂದೇ ಒಂದು, ಇಲ್ಲಿಯದೇ ವಿಳಾಸ ಬರೆಸಿದ್ದ ಪಕ್ಕದ ಮನೆಯ ಅಬ್ದುಲ ಖಾದರನದು. ಉಳಿದವರು ಎಂದಾದರೊಂದು ದಿನ ಊರಿಗೆ ಹೊರಡುವವರು, ಅವರಿಗೇಕೆ ನಳ ಎಂದು ಕಾಗದ ಹೇಳುತ್ತಿತ್ತು.

"ಭಾಬಿ, ನನ್ನ ಒಬ್ಬನ ಸಲುವಾಗಿ ಇಷ್ಟುದ್ದ ಪೈಪ್ ಹಾಕ್ತಾರಂತ. ನವಾಬ ಆದೆ ನೋಡ್ರಿ" ಎಂದು ಖಾದರ ನಕ್ಕ.

ಸುಂದರಬಾಯಿಯ ಸೊಸೆ ಕಾಜಲ ನಗಲಿಲ್ಲ. ಟ್ಯಾಂಕರ್ ಮುಂದೆ ಎರಡು ತಾಸು ನಿಂತು ತಂದ ಕೊಡವನ್ನು ಧಡಕ್ಕನೆ ಇಳಿಸಿ, "ಅತ್ತಿ, ನಿಮ್ಮ ಚಿಂಚೋಳಿ ನಮಗ ನೀರ ಕುಡಸ್ತದೇನ್ರಿ?" ಎಂದಳು. ಆ ಮಾತು ನೆಟ್ಟಗೆ ಎದೆಗೆ ನಾಟಿತು.

ಗಲ್ಲಿಯವರು ಅರ್ಜಿ ಕೊಟ್ಟರು. ಮುಂದಿನ ವಾರ ಕಚೇರಿಯಿಂದ ಬಸವೇಶ್ವರಿ ಎಂಬ ಹುಡುಗಿ ಮರುತಪಾಸಣೆಗೆ ಬಂದಳು. ಗಲ್ಲಿಯ ಬತ್ತಿದ ಬಾವಿಯ ಹತ್ತಿರ ಎಲ್ಲರೂ ನೆರೆದರು. ಕಾಯಂ ವಿಳಾಸ ಇಲ್ಲಿಯದೇ ಎಂದು ಬರೆಸಿ ಸಹಿ ಹಾಕಿದರೆ ಕೆಲಸ ಆದಂತೆ. ಎಲ್ಲರ ಕಣ್ಣೂ ಸುಂದರಬಾಯಿಯ ಮೇಲೆ.

ಅವಳು ಸಹಿಗೆ ಚಾಚಿದ ಕೈಯನ್ನು ಹಿಂದೆಳೆದುಕೊಂಡಳು. ಗಂಡ ಹಾವಗೆಪ್ಪ ತೀರಿಕೊಂಡು ಆರು ವರ್ಷ. ಗಲ್ಲಿಯ ರೂಢಿಯಂತೆ ಅವನನ್ನೂ ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದ್ದರು. ತನ್ನ ಊರು ಬೀದರ ಎಂದುಬಿಟ್ಟರೆ ಅವನನ್ನು ಅಲ್ಲಿ ಒಬ್ಬನನ್ನೇ ಬಿಟ್ಟಂತಲ್ಲವೇ? ಅವಳಿಗೆ ಸಂಕಟವಾಯಿತು, ನಾಚಿಕೆಯೂ ಆಯಿತು.

ಹುಡುಗಿ ಅವಸರ ಮಾಡಲಿಲ್ಲ. "ಇರ್ಲಿ ಅಮ್ಮ. ಇಲ್ಲಿ ಯಾವಾಗಿಂದ ಇದ್ದೀರಿ, ಅದನ್ನರ ಹೇಳ್ರಿ" ಎಂದಳು.

ಅದನ್ನು ಹೇಳಲು ಸುಂದರಬಾಯಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ನಾವು ಬಂದಾಗ ಇದು ಖಾಲಿ ಬಯಲರಿ. ನಾಕು ಮಂದಿ ಕುರಿ ಮಾರಿ ಕಲ್ಲ ಒಡ್ಯಾಕ ಬಂದಿದ್ವಿ. ಗಳ ನೆಟ್ಟು ಕಂಬಳಿ ಹೊಚ್ಚಿ ಒಂದ ಮಳಿಗಾಲ ಅದರಾಗೇ ತೆಗದ್ವಿ, ಅದಕ್ಕ ಮಂದಿ ಕಂಬಳಿ ಗಲ್ಲಿ ಅಂದ್ರು. ಈ ಬಾವಿ ನಮ್ಮ ಮನ್ಯಾವ್ರು, ಈ ಖಾದರಭಾಯ್‌ನ ಅಪ್ಪ ಕೂಡಿ ತೋಡಿದ್ರು. ಕೆಂಪ ಕಲ್ಲರಿ, ಎರಡ ಬ್ಯಾಸಗಿ ಹಿಡೀತು. ಆ ಕಲ್ಲಿಂದೇ ಮೊದಲಿನ ಐದ ಮನಿ ಎದ್ದವು. ಇವನ ತಂಗಿ ಲಗ್ನಕ್ಕ ನಮ್ಮ ಅಡಗಿಮನಿ ಗ್ವಾಡಿ ಕೆಡವಿ ಒಲಿ ಹೂಡಿದ್ವಿ. ನನ್ನ ಅಮೋಲ್ ಹುಟ್ಟಿದಾಗ ಬಾಣಂತನ ಮಾಡಿದಾಕಿ ಇವನ ಅವ್ವ."

ಮಾತು ನಿಲ್ಲಲೇ ಇಲ್ಲ. ಯಾವ ಮನೆಯ ಬಾಗಿಲು ಯಾವ ಜಗಳದಿಂದ ಬೇರೆ ಕಡೆ ತಿರುಗಿತು, ಯಾರ ಆಡು ಯಾರ ಹಿಟ್ಟು ತಿಂದು ಎರಡು ಮನೆ ಒಂದು ವರ್ಷ ಮಾತು ಬಿಟ್ಟವು, ಎಲ್ಲ ಬಂತು. ಜನ ನಡುನಡುವೆ ತಿದ್ದಿದರು, ನಕ್ಕರು. ಹುಡುಗಿ ಬರೆಯುವುದನ್ನು ಬಿಟ್ಟು ಕೇಳುತ್ತ ಕೂತಳು.

"ಮತ್ತ ಚಿಂಚೋಳ್ಯಾಗ ಯಾರ ಅದಾರ್ರಿ?" ಎಂದು ಬಸವೇಶ್ವರಿ ಕೇಳಿದಳು.

ಸುಂದರಬಾಯಿ ತಡವರಿಸಿದಳು. "ಹೊಲ ಅದ. ಮನಿ ಬಿದ್ದದ." ಆಮೇಲೆ ನಿಜವನ್ನೇ ಹೇಳಿದಳು. "ಹೋದ ವರ್ಷ ಹೋದಾಗ ಗುಡಿ ಮುಂದ ಒಂದ ಹುಡುಗಿ, ನೀವು ಯಾರ ಮನಿಗಿ ಬಂದೀರಿ ಅಂತ ಕೇಳಿದಳ್ರಿ."

ಅವಳು ಬಾವಿಯ ದಂಡೆಯ ಮೇಲೆ ಕೈಯೂರಿ ಕೂತಳು. ಹಾವಗೆಪ್ಪ ಅಲ್ಲಿ ಮಲಗಿದ್ದಾನೆ, ನಿಜ. ಆದರೆ ಅವನು ಬೆವರಿದ್ದು, ನಕ್ಕಿದ್ದು, ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು ಇಲ್ಲಿ. ಇಷ್ಟು ಹೊತ್ತು ಹೇಳಿದ ಯಾವ ಮಾತಿನಲ್ಲಿ ಅವನಿರಲಿಲ್ಲ? ಈ ಗಲ್ಲಿ ನನ್ನದಲ್ಲ ಎಂದರೆ ಅವನ ಬಾಳನ್ನೇ ಇಲ್ಲ ಅಂದಂತೆ. ಅವಳ ಕಣ್ಣು ತುಂಬಿ ಬಂತು.

"ಬರ್ಕೋ ಮಗಳ" ಎಂದಳು. "ಸುಂದರಬಾಯಿ, ಹಾವಗೆಪ್ಪನ ಹೆಂಡತಿ. ಕಂಬಳಿ ಗಲ್ಲಿ, ಬೀದರ. ಕಾಯಂ."

ಉಳಿದವರು ಒಬ್ಬರ ಹಿಂದೊಬ್ಬರು ಮುಂದೆ ಬಂದು ಅದನ್ನೇ ಹೇಳಿದರು. ಈ ಸಲ ಅವಳು ಯಾರ ಬಾಗಿಲಿಗೂ ಓಡಬೇಕಾಗಲಿಲ್ಲ.

ಸಹಿ ಹಾಕಿ ತಿರುಗಿದರೆ ಅಬ್ದುಲ ಖಾದರ ಮನೆಯ ಬಾಗಿಲನ್ನು ಪೂರಾ ತೆರೆದು, ಹೊಸಬರ ಎದುರು ನಿಲ್ಲುವಂತೆ ಟೊಪ್ಪಿಗೆ ಸರಿಮಾಡಿಕೊಂಡು ನಿಂತಿದ್ದ.

"ನಲವತ್ತ ವರ್ಷ ಹಾದಿ ನೋಡ್ದೆ ಭಾಬಿ. ಇವತ್ತ ಬಂದ್ರಿ ನೋಡ್ರಿ ನಮ್ಮ ಬಾಜೂ ಮನಿಗಿ. ಬರ್ರಿ, ಚಾ ಕುಡಿಯೋಣು."