ಸೋಪಿನ ಗೆರೆ

ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ಸಣ್ಣದು ಮಾಡಿಕೊಂಡು ಶಿವರಾಮು ಕಾರಿನಿಂದ ಬಿಚ್ಚಿಟ್ಟ ಬಲಗಡೆಯ ಮಡ್‌ಗಾರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಗುತ್ತಲಿನ ಅವನ ಶೆಡ್ಡಿಗೆ ಇಂಥ ಕಾರು ಬಂದದ್ದು ಇದೇ ಮೊದಲು. ಅರವತ್ತು ವರ್ಷ ಹಳೆಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಮೈಯೆಲ್ಲ ಅಲ್ಯೂಮಿನಿಯಂ. ಕಬ್ಬಿಣದ ಚೌಕಟ್ಟು ತಾಗಿದ ಕಡೆಯೆಲ್ಲ ಬಿಳಿ ಪುಡಿ ಎದ್ದಿತ್ತು. ಅದನ್ನು ಕೆರೆದು, ಮತ್ತೆ ಕಬ್ಬಿಣ ಸೋಕದಂತೆ ನಡುವೆ ಇಡಲು ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಇಟ್ಟಾಗಿತ್ತು. ಉಳಿದದ್ದು ನೆಗ್ಗು ಎತ್ತುವುದು. ಅದಕ್ಕೆ ತಗಡು ಕಾಯಿಸಿ ಮೆದು ಮಾಡಬೇಕು. "ಇದು ಹಾಳಾದ್ರೆ ಇನ್ನೊಂದು ಎಲ್ಲೂ ಸಿಗಲ್ಲ," ಎಂದು ಮೈಸೂರಿನ ಮಾಲೀಕರು ಹೇಳಿಯೇ ಹೋಗಿದ್ದರು.

ಇಪ್ಪತ್ತು ವರ್ಷ ಕಬ್ಬಿಣ ಬಡಿದ ಕೈ ಅವನದು. ಕಬ್ಬಿಣ ಕಾದರೆ ಕೆಂಪಾಗಿ ಹೇಳಿಬಿಡುತ್ತದೆ. ಈ ಅಲ್ಯೂಮಿನಿಯಂ ಮಾತ್ರ ಗುಮ್ಮನಗುಸುಕ; ಬಣ್ಣವೇ ಬದಲಿಸದೆ ದಿಢೀರನೆ ಕರಗಿ ಬೀಳುತ್ತದೆ. ನಿನ್ನೆ ಗುಜರಿ ತಗಡಿನಲ್ಲಿ ಮೂರು ತೂತು ಮಾಡಿಕೊಂಡಿದ್ದ. ಆದರೂ ಕೈ ಸುಮ್ಮನಿರಲು ಒಲ್ಲದು.

ಬೆಸಗರಹಳ್ಳಿಯಿಂದ ಬಂದಿದ್ದ ಅತ್ತೆ ಶಿವನಂಜಮ್ಮ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದರು. ಊರೂರು ಸುತ್ತಿ ಅಲ್ಯೂಮಿನಿಯಂ ಪಾತ್ರೆ ರಿಪೇರಿ ಮಾಡಿದ ಹೆಂಗಸು. ಆದರೆ ಅಳಿಯನಿಗೆ ಎದುರೆದುರೇ ಬುದ್ಧಿ ಹೇಳುವುದುಂಟೇ? ಮಗಳ ಕಡೆ ತಿರುಗಿ, "ನಾಗಶ್ರೀ, ತಗಡಿನ ಮ್ಯಾಲೆ ಬಟ್ಟೆ ಸೋಪಲ್ಲಿ ಒಂದು ಗೆರೆ ಎಳೀಲಿ ಅಂತ ನಿಮ್ಮನೆಯವ್ರಿಗೆ ಏಳವ್ವ. ಗೆರೆ ಕರ್ರಗಾದೇಟ್ಗೆ ಉರಿ ತಗೀಬೇಕು," ಎಂದರು.

"ಪಾತ್ರೆ ಬ್ಯಾರೆ, ಕಾರು ಬ್ಯಾರೆ ಅಂತ ನಿಮ್ಮವ್ವಂಗೆ ಏಳು," ಎಂದ ಶಿವರಾಮು. ಎಂದರೂ ಸೋಪು ತಂದು ಗೆರೆ ಎಳೆದ.

ಉರಿ ತಗಡಿಗೆ ತಾಗಿತು. ಅವನ ಕಣ್ಣು ಹಳೇ ಚಾಳಿಯಂತೆ ಕೆಂಪನ್ನೇ ಹುಡುಕುತ್ತಿತ್ತು. ಗೆರೆ ಕಂದಾಯಿತು, ಕಪ್ಪಾಯಿತು. ಅವನು ನೋಡಲಿಲ್ಲ.

"ತಗಿಲಾ ಉರಿಯ, ಮುಂಡೇದೇ!"

ಕೈ ತಾನಾಗಿ ಹಿಂದೆ ಬಂತು. ಶಿವನಂಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಹದಿನಾರು ವರ್ಷದಲ್ಲಿ ಅಳಿಯನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ.

ತಗಡು ಆರಿದ ಮೇಲೆ ಶಿವರಾಮು ಮರದ ಕೊಡತಿಯಿಂದ ಒಳಮೈಗೆ ಮೆಲ್ಲಗೆ ತಟ್ಟಿದ. ನೆಗ್ಗು ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಎದ್ದು ಬಂತು. ಇನ್ನೊಂದು ಏಟು, ಮತ್ತೊಂದು. ಅವನಿಗೆ ಖುಷಿ ತಡೆಯಲಾಗಲಿಲ್ಲ. ಅಂಗೈಯಿಂದ ಮತ್ತೆ ಮತ್ತೆ ಸವರಿ ನೋಡಿದ.

"ತಪ್ಪಾಯ್ತು ಕಣಪ್ಪ, ಬಾಯ್ತಪ್ಪಿ ಬಂದ್ಬುಡ್ತು," ಎಂದರು ಶಿವನಂಜಮ್ಮ, ಮಗಳನ್ನು ನಡುವೆ ತರದೆ.

ಶಿವರಾಮು ಎಡಗಡೆಯ ಮಡ್‌ಗಾರ್ಡನ್ನು ಎತ್ತಿ ತಂದು ಅವರ ಮುಂದೆ ಇಟ್ಟ.

"ಇದ್ಕೂ ಅಂಗೇ ಬೈಯ್ರಿ ಅತ್ತೆ," ಎಂದು ಟಾರ್ಚು ಹೊತ್ತಿಸಿದ.

ಶಿವನಂಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.