ಗೌತಮನಿಗೆ ಕಾಗದ ಓದಿ ಹೇಳುತ್ತಿದ್ದ ಲ್ಯಾಪ್‌ಟಾಪ್

ಗೌತಮನಿಗೆ ಮೂವತ್ತೊಂದು ತುಂಬಿದ ವರ್ಷ, ಕಮಲಾಪುರದ ಬಸ್ ನಿಲ್ದಾಣದಲ್ಲಿ ಹಾಡುಹಗಲೇ ಕಬ್ಬಿಣದ ಕಂಬಕ್ಕೆ ಹಣೆ ಬಡಿದುಕೊಂಡು ಬಿದ್ದ. ಕಂಬ ಒಂದಿಷ್ಟು ಎಡಕ್ಕಿತ್ತು. ಎಡಕ್ಕಿದ್ದದ್ದು ಯಾವುದೂ ತನಗೆ ಕಾಣುತ್ತಿಲ್ಲ ಎಂಬುದೇ ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕಲಬುರಗಿಯ ಕಣ್ಣಿನ ಡಾಕ್ಟರು ಎರಡು ತಾಸು ಪರೀಕ್ಷೆ ಮಾಡಿ, ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ, ಮೊದಲು ಬದಿಗಳು ಹೋಗುತ್ತವೆ, ಆಮೇಲೆ ನಡುವಿನದೂ ಹೋಗುತ್ತದೆ ಎಂದರು. ಹೆಂಡತಿ ಮಾಯಾ "ಎಷ್ಟ ದಿನ ಆಗ್ತದರೀ?" ಎಂದು ಕೇಳಿದಳು. ಡಾಕ್ಟರು ಐದು ವರ್ಷವೂ ಆಗಬಹುದು, ಹತ್ತೂ ಆಗಬಹುದು ಎಂದು ಮುಂದಿನ ಚೀಟಿ ಕೂಗಿದರು.

ಗೌತಮ ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಅಪ್ಪ ಕಲಬುರಗಿಯ ದವಸದ ಪೇಟೆ ನೆಹರು ಗಂಜಿನಲ್ಲಿ ತೊಗರಿ ಚೀಲ ಹೊತ್ತು ಬದುಕಿದವನು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲನೆಯವನು ಗೌತಮನೇ. ಬಂದ ಕಾಗದ ಓದುವುದು, ಅದರ ಹಿಂದಿನ ಕಡತ ಹುಡುಕುವುದು, ಮೇಲಿನವರಿಗೆ ಟಿಪ್ಪಣಿ ಬರೆಯುವುದು ಅವನ ಕೆಲಸ. ಮೂರಕ್ಕೂ ಕಣ್ಣು ಬೇಕು.

ಎರಡು ವರ್ಷ ಅವನು ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದ. ಅಕ್ಷರಗಳು ಒಂದೊಂದಾಗಿ ಮಾಯವಾಗತೊಡಗಿದಾಗ, ಮಾಯಾ ಅವನನ್ನು ಕರೆದುಕೊಂಡು, ಅವನ ಹಳೆಯ ಲ್ಯಾಪ್‌ಟಾಪನ್ನೂ ಹಿಡಿದುಕೊಂಡು ಗಂಜಿನ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಾಮ್ರಾನ್‌ನ ಅಂಗಡಿಗೆ ಹೋದಳು. ಅಕ್ಷರ ದೊಡ್ಡದು ಮಾಡಿಕೊಟ್ಟರೆ ಸಾಕು ಎಂದಳು.

ಗೌತಮ ಪರದೆ ನೋಡುವ ರೀತಿಯನ್ನು ಕಾಮ್ರಾನ್ ಸ್ವಲ್ಪ ಹೊತ್ತು ಗಮನಿಸಿದ.

"ಗೌತಮಣ್ಣ, ದೊಡ್ಡ ಅಕ್ಷರ ಎಷ್ಟ ದಿನ ನೋಡ್ತೀರಿ? ಈಗಿಂದನ ಕಿವಿಗಿ ಕೆಲಸ ಕಲಸ್ರಿ," ಎಂದ.

ಲ್ಯಾಪ್‌ಟಾಪಿನಲ್ಲಿ ಇದ್ದುದನ್ನೆಲ್ಲ ತೆಗೆದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಲಿನಕ್ಸ್ ವ್ಯವಸ್ಥೆ ಹಾಕಿದ. ಅದರ ಮೇಲೆ ನಾಲ್ಕೈದು ಅಪ್ಲಿಕೇಶನ್ ಕೂಡಿಸಿದ. ಬರೆಯಲು ಲಿಬ್ರೆಆಫೀಸ್. ಪರದೆಯ ಮೇಲಿನದನ್ನು ಓದಿ ಹೇಳಲು ಓರ್ಕಾ. ಕಾಗದದ ಸ್ಕ್ಯಾನ್ ಕೊಟ್ಟರೆ ಅದರಲ್ಲಿನ ಅಕ್ಷರ ಗುರುತಿಸಿ ಬರಹ ಮಾಡಿಕೊಡಲು ಜಿಇಮೇಜ್‌ರೀಡರ್. ಇಷ್ಟಕ್ಕೆಲ್ಲ ಎಷ್ಟು ದುಡ್ಡಾಗುತ್ತದೆ ಎಂದು ಮಾಯಾ ಅಂಜುತ್ತ ಕೇಳಿದಾಗ ಕಾಮ್ರಾನ್ ನಕ್ಕ.

"ಇವನ್ನ ಮಾಡಿದವ್ರು ಮಾರಿಲ್ಲ ಭಾಭಿ, ಹಂಚ್ಯಾರ. ನಾನೂ ಹಂಚಾಕತ್ತೀನಿ, ಅಷ್ಟ."

ಓರ್ಕಾದ ಕನ್ನಡ ದನಿಗೆ ಜೀವವಿರಲಿಲ್ಲ. ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗಿತ್ತು. ಮೊದಲ ವಾರ ಗೌತಮನಿಗೆ ತಲೆನೋವು ಬಂತು. ತಿಂಗಳಲ್ಲಿ ದನಿಗೆ ಹೊಂದಿಕೊಂಡ. ಮೂರು ತಿಂಗಳಲ್ಲಿ ವೇಗ ಹೆಚ್ಚಿಸಿದ. ಆರು ತಿಂಗಳಾಗುವಷ್ಟರಲ್ಲಿ ಅದು ಎಷ್ಟು ಜೋರಾಗಿ ಓಡುತ್ತಿತ್ತೆಂದರೆ ಮಾಯಾಳಿಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. "ಹುಳ ಕೂಗಿದಂಗ ಅದರೀ, ನಿಮಗ ಹ್ಯಾಂಗ ತಿಳೀತದ?" ಎನ್ನುತ್ತಿದ್ದಳು. ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಹೊಸ ತಾಪತ್ರಯವೂ ಇತ್ತು. ಕಚೇರಿಯಲ್ಲಿ ಎಲ್ಲರೂ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರು. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳ ರಾಶಿ. ಓರ್ಕಾ ಆ ರಾಶಿಯನ್ನೇ ಓದಿ ಹೇಳುತ್ತಿತ್ತು. ಕಾಮ್ರಾನ್ ಒಂದು ಭಾನುವಾರ ಪೂರ್ತಿ ಕೂತು, ಹಳೆಯ ಫಾಂಟನ್ನು ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡಿಗೆ ತಿರುಗಿಸುವ ಸಣ್ಣ ಪ್ರೋಗ್ರಾಮನ್ನು ಜೋಡಿಸಿಕೊಟ್ಟ.

"ಇಷ್ಟರಾಗ ನಿಮಗ ಯಾವುದು ಭಾಳ ಸೇರ್ತು?" ಎಂದು ಅವತ್ತು ಕೇಳಿದ. ಕಾಮ್ರಾನ್‌ಗೆ ಸೇರಿದ್ದು ಚಿತ್ರ ತಿದ್ದುವ ಗಿಂಪ್. ಹರಿದ ಮದುವೆ ಫೋಟೋಗಳನ್ನು ಅದರಲ್ಲಿ ಸರಿಮಾಡುವುದು ಅವನ ಹುಚ್ಚು.

"ಕಾಗದ ಓದೋದು," ಎಂದ ಗೌತಮ. "ಅದು ಬಂದ ಮ್ಯಾಲ ಯಾರಿಗೂ 'ಒಂದೀಟು ಓದಿ ಹೇಳ್ರಿ' ಅನ್ನೋದು ತಪ್ತು ಭಾಯ್."

ಗೌತಮ ಲ್ಯಾಪ್‌ಟಾಪನ್ನು ಕಚೇರಿಗೇ ಒಯ್ಯತೊಡಗಿದ. ಕಚೇರಿಯ ಸೂಪರಿಂಟೆಂಡೆಂಟ್ ಸೂರ್ಯಕಾಂತರು ಒಳ್ಳೆಯವರು, ಏನೂ ಅನ್ನಲಿಲ್ಲ. ಮೂಲೆಯ ಅಲಮಾರಿಯಲ್ಲಿ ಹತ್ತು ವರ್ಷದಿಂದ ಯಾರೂ ಮುಟ್ಟದ ಕಡತಗಳಿದ್ದವು. ಗೌತಮ ದಿನಾಲೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೊಂದೇ ಕಡತ ಸ್ಕ್ಯಾನ್ ಮಾಡಿದ. ಒತ್ತಕ್ಷರ ತಪ್ಪಾಗಿ ಬಂದರೆ ಕೇಳಿ ಕೇಳಿ ತಿದ್ದಿದ. ಹದಿನಾಲ್ಕು ತಿಂಗಳಲ್ಲಿ ಆ ಅಲಮಾರಿ ಪೂರ್ತಿ ಅವನ ಲ್ಯಾಪ್‌ಟಾಪಿನೊಳಗೆ ಬಂತು.

ಆಮೇಲೆ ಒಂದು ದಿನ ಲತೀಫಾ ಎಂಬ ಮುದುಕಿ ಬಂದಳು. ಗಂಡನ ಹೆಸರಿನ ಜಾಗದ ಕಾಗದಕ್ಕಾಗಿ ಮೂರು ವರ್ಷದಿಂದ ಅಲೆಯುತ್ತಿದ್ದಳು. ಕಡತವೇ ಇಲ್ಲ ಎಂದು ಪ್ರತಿ ಸಲ ವಾಪಸ್ ಕಳಿಸುತ್ತಿದ್ದರು. ಗೌತಮ ಅವಳ ಗಂಡನ ಹೆಸರು ಹಾಕಿ ಹುಡುಕಿದ. ಬೇರೆ ಯಾವುದೋ ಊರಿನ ಕಡತದ ನಡುವೆ ಆ ಕಾಗದ ಸಿಕ್ಕಿಕೊಂಡಿತ್ತು. ಸೂರ್ಯಕಾಂತರು ಎದ್ದು ಬಂದು ಅವನ ಬೆನ್ನು ತಟ್ಟಿ, "ಕಣ್ಣಿದ್ದ ನಮಗ ಸಿಗಲಿಲ್ಲ ನೋಡ್ರಿ!" ಎಂದರು. ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟಳು. ಆ ಹೊತ್ತಿಗೆ ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಬಿಳಿ ಸೆರಗಿನಂಥದೊಂದು ಅಲುಗಿದ್ದಷ್ಟೇ ಗೊತ್ತಾಯಿತು.

ಮುಂದಿನ ಬೇಸಿಗೆಯಲ್ಲಿ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಜೊತೆಗೆ ಸುತ್ತೋಲೆಯೂ ಬಂತು. ಇನ್ನು ಮುಂದೆ ಎಲ್ಲ ಕಡತ ಹೊಸ ವ್ಯವಸ್ಥೆಯಲ್ಲೇ ನಡೆಯಬೇಕು, ಸಿಬ್ಬಂದಿ ಸ್ವಂತ ಲ್ಯಾಪ್‌ಟಾಪ್ ತರಬಾರದು, ಪೆನ್‌ಡ್ರೈವ್ ಹಚ್ಚಬಾರದು. ಹೊಸ ಕಂಪ್ಯೂಟರುಗಳಲ್ಲಿ ಕನ್ನಡ ಓದುವ ದನಿ ಇರಲಿಲ್ಲ. ಹೊರಗಿನದನ್ನು ಹಾಕಲು ಹೋದರೆ ಪಾಸ್‌ವರ್ಡ್ ಕೇಳುತ್ತಿತ್ತು. ಆ ಪಾಸ್‌ವರ್ಡ್ ಕಮಲಾಪುರದಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಗೌತಮ ಅರ್ಜಿ ಬರೆದ. ತನಗೆ ಯಾವ ಅಪ್ಲಿಕೇಶನ್ ಬೇಕು, ಯಾಕೆ ಬೇಕು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ ಎಂದು ಎರಡು ಪುಟ. ಒಂದು ತಿಂಗಳು ಕಾದು ಇನ್ನೊಂದು ಅರ್ಜಿ ಬರೆದ. ಆಮೇಲೆ ಮೂರನೆಯದು. ಐದನೆಯ ತಿಂಗಳು ಮೇಲಿನಿಂದ ಇ-ಮೇಲಿನಲ್ಲಿ ಉತ್ತರ ಬಂತು. ಅದನ್ನು ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ತೆರೆದು ಓರ್ಕಾಕ್ಕೆ ಕೊಟ್ಟ. ತಿರುಗಿಸುವ ಪ್ರೋಗ್ರಾಮಿಗೂ ಜಿಇಮೇಜ್‌ರೀಡರಿಗೂ ಕೊಟ್ಟ. ಅದು ಮತ್ಯಾವುದೋ ಫಾಂಟು, ಅವನ ಲ್ಯಾಪ್‌ಟಾಪಿನಲ್ಲಿ ಇಲ್ಲದ್ದು; ಎಷ್ಟು ಸಲ ಕೊಟ್ಟರೂ ಬರೀ ಚೂರು ಚೂರು ಅಕ್ಷರ ಬಂದವು. ಕೊನೆಗೆ ಮಾರನೆಯ ದಿನ ಸೂರ್ಯಕಾಂತರ ಮುಂದೆ ನಿಂತು, "ಸರ, ಒಂದೀಟು ಓದಿ ಹೇಳ್ರಿ," ಎಂದ.

ಸೂರ್ಯಕಾಂತರು ಮೊದಲು ತಾವೇ ಓದಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಓದಿದರು: "ಸದರಿ ತಂತ್ರಾಂಶಗಳು ಅನುಮೋದಿತ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ."

"ಪಟ್ಟಿಯಾಗ ಹಾಕಬೇಕಂದ್ರ ಯಾರಿಗಿ ಬರೀಬೇಕ್ರಿ ಸರ?"

"ಅದು ಇದರಾಗ ಬರದಿಲ್ಲಪಾ."

ಸುದ್ದಿ ತಿಳಿದು ಕಾಮ್ರಾನ್ ಅಂಗಡಿ ಮುಚ್ಚಿ ಕಮಲಾಪುರದ ಬಸ್ ಹತ್ತಿದ. ಸೂರ್ಯಕಾಂತರ ಎದುರು ಅರ್ಧ ತಾಸು ಮಾತಾಡಿದ. ಓರ್ಕಾ ಹೇಗೆ ಓದುತ್ತದೆ ಎಂದು ತೋರಿಸುತ್ತೇನೆ ಎಂದು ಅಂಗಲಾಚಿದ. ಸೂರ್ಯಕಾಂತರು ಚಹಾ ತರಿಸಿದರು.

"ನೀವು ಹೇಳೂದು ಖರೇ ಅದ. ನನ್ನ ಕೈಯಾಗ ಏನೂ ಇಲ್ಲ. ಗೌತಮ ಆರಾಮ ಕುಂದರಲಿ. ನೌಕರಿ ಯಾರೂ ಕಸಗೊಳ್ಳಂಗಿಲ್ಲ, ಕಾನೂನದ. ಪಗಾರ ಬರ್ತದ."

ಹೊರಗೆ ಬಂದಮೇಲೆ ಕಾಮ್ರಾನ್ ಗೌತಮನನ್ನು ಬಸ್ ನಿಲ್ದಾಣದ ಕಡೆ ನಡೆಸಿಕೊಂಡು ಹೋದ. "ಕೋರ್ಟಿಗಿ ಹೋಗೋಣ ಅಣ್ಣ. ನಾ ಬರ್ತೀನಿ ನಿಮ್ಮ ಜೋಡಿ."

"ಏಸು ವರ್ಷ ಹಿಡೀತದ ಭಾಯ್?"

ಕಾಮ್ರಾನ್ ಬಸ್ ಬರುವ ದಾರಿ ನೋಡಿದ.

"ನಮ್ಮಪ್ಪ ಚೀಲ ಹೊರೂ ಮುಂದ ಗಂಜ್‌ನಾಗ ಅವ್ನ ಹೆಸರ ಹಿಡಿದು ಕರೀತಿದ್ರು. ಕೆಲಸ ಇತ್ತು, ಕರೀತಿದ್ರು. ನಂಗ ಈಗ ಯಾರ ಕರೀತಾರ?" ಎಂದ ಗೌತಮ. ಬಸ್ ಬಂತು. ಕಾಮ್ರಾನ್ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟು ಹತ್ತಿದ.

ಗೌತಮನ ಮೇಜನ್ನು ಹೊಸದಾಗಿ ಬಂದ ಗುಮಾಸ್ತನಿಗೆ ಕೊಟ್ಟರು. ಅವನಿಗೆ ಬಾಗಿಲ ಬದಿಯಲ್ಲಿ ಕುರ್ಚಿ ಹಾಕಿದರು. ಕೆಲಸಕ್ಕಾಗಿ ಕಚೇರಿಗೆ ಬಂದ ಜನ ಅವನನ್ನೇ ಮೊದಲು ಕೇಳುತ್ತಿದ್ದರು. "ಒಳಗ ಕೇಳ್ರಿ," ಎನ್ನುತ್ತಿದ್ದ. ಬೇರೆ ಮಾತು ಇರುತ್ತಿರಲಿಲ್ಲ. ಮೂಲೆಯ ಅಲಮಾರಿಯನ್ನು ಒಂದು ದಿನ ಖಾಲಿ ಮಾಡಿ, ಕಡತಗಳನ್ನು ಗೋಣಿಚೀಲದಲ್ಲಿ ತುಂಬಿ ಎಲ್ಲಿಗೋ ಸಾಗಿಸಿದರು. ಅವು ತನ್ನ ಲ್ಯಾಪ್‌ಟಾಪಿನಲ್ಲಿವೆ ಎಂದು ಗೌತಮ ಹೇಳಿದ. ಹೊಸ ಗುಮಾಸ್ತ ಸಾಯಿಕುಮಾರ ಮರ್ಯಾದೆಯಿಂದಲೇ, "ಸ್ವಂತದ್ರಾಗ ಇಟ್ಟೀನಂತ ಯಾರ ಮುಂದೂ ಹೇಳಬ್ಯಾಡ್ರಿ ಅಣ್ಣ, ನಿಮ್ಮ ಮ್ಯಾಲ ಬರ್ತದ," ಎಂದ. ಆ ಸಂಜೆ ಗೌತಮ ಮನೆಯಲ್ಲಿ ಕೂತು, ಹದಿನಾಲ್ಕು ತಿಂಗಳ ಆ ಕೆಲಸವನ್ನು ಒಂದೊಂದೇ ಹೆಸರು ಕೇಳುತ್ತ ಅಳಿಸಿದ. ಪೂರ್ತಿ ಅಳಿಸಲು ಎರಡು ತಾಸು ಹಿಡಿಯಿತು. ಆಮೇಲೆ ಲ್ಯಾಪ್‌ಟಾಪ್ ತೆರೆಯುವುದನ್ನೇ ಬಿಟ್ಟ.

ಕಾಮ್ರಾನ್ ಹಲವು ಸಲ ಫೋನ್ ಮಾಡಿದ. ಹೊಸ ಆವೃತ್ತಿ ಬಂದಿದೆ, ದನಿ ಚೆನ್ನಾಗಿದೆ, ತಂದುಕೊಡಲೇ ಎಂದ. ಗೌತಮ "ನೋಡೋಣ" ಎನ್ನುತ್ತಿದ್ದ. ಕ್ರಮೇಣ ಫೋನ್ ಬರುವುದು ಕಡಿಮೆಯಾಯಿತು.

ಈಗ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ಅವನಿಗೆ ಗೊತ್ತಾಗುತ್ತದೆ. ಮುಂಜಾನೆ ಹತ್ತಕ್ಕೆ ಮಾಯಾ ಕಚೇರಿಗೆ ಬಿಟ್ಟು ಬರುತ್ತಾಳೆ, ಸಂಜೆ ಬಂದು ಕರೆದೊಯ್ಯುತ್ತಾಳೆ. ಮೊನ್ನೆ ಸಂತೆಯ ದಿನ, ಕೆಂಪು ಬಾಳೆಹಣ್ಣು ಮಾರುವವರ ಸಾಲು ದಾಟುತ್ತಿದ್ದಾಗ ಅವಳು ಕೇಳಿದಳು:

"ಇವತ್ತ ಕೆಲಸ ಭಾಳ ಇತ್ತೇನ್ರಿ?"

"ಇತ್ತು. ಮೂರು ಕಡತ ಮುಗಿಸಿದೆ. ಒಂದು ಭಾಳ ತೊಡಕಿಂದಿತ್ತು."

ಮಾಯಾಳಿಗೆ ಎಲ್ಲವೂ ಗೊತ್ತಿತ್ತು. ಸೂರ್ಯಕಾಂತರೇ ಅವಳಿಗೆ ಯಾವತ್ತೋ ಹೇಳಿದ್ದರು. ಅವನಿಗೆ ನಿವೃತ್ತಿಯಾಗಲು ಇನ್ನು ಇಪ್ಪತ್ತನಾಲ್ಕು ವರ್ಷವಿದೆ ಎಂಬುದನ್ನೂ ಅವಳು ಲೆಕ್ಕ ಹಾಕಿದ್ದಳು.

"ಹೌದಾ? ತೊಡಕು ಏನಿತ್ತು, ಹೇಳ್ರಿ," ಎಂದಳು.

ಅವನು ಹೇಳತೊಡಗಿದ. ಅವಳು ಅವನ ಮೊಣಕೈ ಹಿಡಿದು, ಹೂಂಗುಟ್ಟುತ್ತ, ಜನರ ನಡುವೆ ದಾರಿ ಮಾಡಿಕೊಂಡು ನಡೆದಳು.